ಮೈನಾ ಕಾರಿನ ಸತ್ತ ಮಾಲು

ಬನಶಂಕರಿಯ ನಮ್ಮ ಶೋರೂಮಿಗೆ ಬಂದವರು ಮೇಲಿನ ಗಾಜಿನ ಮನೆಯನ್ನಷ್ಟೇ ನೋಡುತ್ತಾರೆ. ಅಲ್ಲಿ ಹೊಸ ಕಾರು, ಕಾರಿಗೆ ರಿಬ್ಬನ್ನು, ಕೊಂಡವರಿಗೆ ಕೇಕು, ನಮ್ಮವರ ಚಪ್ಪಾಳೆ. ಕೆಳಗೆ ನೆಲಮಾಳಿಗೆಯಲ್ಲಿ ಏನಿದೆ ಎಂದು ಇವತ್ತಿನವರೆಗೆ ಒಬ್ಬರೂ ಕೇಳಿಲ್ಲ. ಅಲ್ಲಿದ್ದದ್ದು ಮೈನಾ ಕಾರಿನ ಬಿಡಿಭಾಗಗಳು ಮತ್ತು ಅವನ್ನು ನೋಡಿಕೊಳ್ಳುವ ಪರಮಶಿವಯ್ಯನವರು. ನಾನು ಲತಾಮಣಿ, ಹಿಂಭಾಗದ ಸ್ಪೇರ್ ಪಾರ್ಟ್ಸ್ ಕೌಂಟರಿನಲ್ಲಿ ಬಿಲ್ ಹಾಕುವವಳು. ಮೇಲಿನವರ ಲೆಕ್ಕದಲ್ಲಿ ನಾನೂ ನೆಲಮಾಳಿಗೆಗೆ ಸೇರಿದವಳೇ. ಕೇಕು ನಮ್ಮ ತನಕ ಬಂದದ್ದಿಲ್ಲ.

ಮೈನಾ ಎಂದರೆ ಒಂದು ಕಾಲಕ್ಕೆ ಜಯನಗರದ ಗೇಟುಗಳ ಮುಂದೆಲ್ಲ ನಿಂತಿರುತ್ತಿದ್ದ ಪುಟ್ಟ ಕಾರು. ಕಂಪನಿ ಅದನ್ನು ತಯಾರಿಸುವುದು ನಿಲ್ಲಿಸಿ ಬಹಳ ಕಾಲವಾಯಿತು. ಈಗ ಎತ್ತರದ, ಹೊಟ್ಟೆ ಉಬ್ಬಿದ ಕಾರುಗಳ ಕಾಲ. ತಿಲಕ್ ನಗರದ ಗಲ್ಲಿಯಲ್ಲಿ ಅದನ್ನು ತಿರುಗಿಸಲು ಗೋಡೆಗೆ ಎರಡು ಸಲ ಉಜ್ಜಿದರೂ ಚಿಂತೆಯಿಲ್ಲ, ಎಲ್ಲರಿಗೂ ಅದೇ ಬೇಕು. ಆದರೂ ಹಳೆಯ ಮೈನಾಗಳು ಅಲ್ಲಲ್ಲಿ ಓಡುತ್ತಿದ್ದವು. ಅವಕ್ಕೆ ಕ್ಲಚ್ಚು, ಕೇಬಲ್ಲು, ಸ್ಟೀರಿಂಗ್ ರ್ಯಾಕು ಬೇಕಾದಾಗ ಊರಿನ ಮೆಕ್ಯಾನಿಕ್ಕುಗಳೆಲ್ಲ ನಮ್ಮಲ್ಲಿಗೆ ಬರುತ್ತಿದ್ದರು.

ಪರಮಶಿವಯ್ಯನವರು ತಿಪಟೂರು ಕಡೆಯವರು. ಹಣೆಗೆ ವಿಭೂತಿ, ಯೂನಿಫಾರಂ ಶರ್ಟಿನ ಮೇಲೆ ಸ್ವೆಟರು. ನೆಲಮಾಳಿಗೆಯ ಥಂಡಿಗೆ ಏಪ್ರಿಲಿನಲ್ಲೂ ಅದು ಬೇಕು ಎನ್ನುತ್ತಿದ್ದರು. ಮೈನಾ ಬಂದಾಗ ಕೆಲಸಕ್ಕೆ ಸೇರಿದವರು, ಮೈನಾ ನಿಂತ ಮೇಲೂ ಉಳಿದುಕೊಂಡರು. ಮೆಲ್ಲಗೆ ಮಾತಾಡುವ, ಯಾರ ತಂಟೆಗೂ ಹೋಗದ ಮನುಷ್ಯ. ಅಂಥವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. "ಸ್ವಲ್ಪ ಗಟ್ಟಿಯಾಗಿ ಮಾತಾಡಿ ಸಾರ್, ನಿಮ್ಮ ಗಂಟೇನು ಹೋಗುತ್ತೆ" ಎಂದು ಎಷ್ಟು ಸಲ ಹೇಳಿದ್ದೇನೋ. ಅವರು ನಕ್ಕು ಮೆಟ್ಟಿಲಿಳಿದು ಹೋಗುತ್ತಿದ್ದರು.

ಅವರಿಗೆ ಈ ಕೆಲಸ ಯಾಕೆ ಬೇಕಿತ್ತು ಎಂಬುದು ನಮಗೆಲ್ಲ ಗೊತ್ತಿತ್ತು. ಹೆಂಡತಿ ಶಿವಬಸಮ್ಮನವರ ಎರಡೂ ಕಿಡ್ನಿ ಕೈಕೊಟ್ಟಿದ್ದವು. ದಿನ ಬಿಟ್ಟು ದಿನ ಡಯಾಲಿಸಿಸ್. ಗಿರಿನಗರದ ಬಾಡಿಗೆ ಮನೆಯಿಂದ ಯಡಿಯೂರು ಹತ್ತಿರದ ಆಸ್ಪತ್ರೆಗೆ ಬೆಳಿಗ್ಗೆ ಆಟೋದಲ್ಲಿ ಬಿಟ್ಟು, ಇವರು ಕೆಲಸಕ್ಕೆ ಬರುತ್ತಿದ್ದರು. ಆ ಖರ್ಚನ್ನೆಲ್ಲ ಹೊರುತ್ತಿದ್ದದ್ದು ಅವರ ಇಎಸ್‌ಐ ಕಾರ್ಡು. ಸಂಬಳದಾರನಾಗಿರುವ ತನಕ ಕಾರ್ಡು. ಕೆಲಸ ಹೋದರೆ ಸ್ವಲ್ಪ ಕಾಲ ನಡೆಯಬಹುದು, ಆಮೇಲೆ ಅದು ಬರೀ ರಟ್ಟು. ಅವರ ವಯಸ್ಸಿನವರನ್ನು, ಅದೂ ನಿಂತುಹೋದ ಕಾರಿನ ಸ್ಟೋರ್ ಕೀಪರನ್ನು, ಇನ್ನೆಲ್ಲೂ ಕರೆದು ಕೂರಿಸುವುದಿಲ್ಲ. ಇದು ಅವರಿಗೂ ಗೊತ್ತಿತ್ತು.

ಕಳೆದ ವರ್ಷ ಮುಂಗಾರು ಶುರುವಾದ ಹೊತ್ತಿಗೆ ನಮ್ಮ ಬ್ರಾಂಚ್ ಮ್ಯಾನೇಜರ್ ದಿನೇಶ್ ಪರಮಶಿವಯ್ಯನವರನ್ನು ಕೌಂಟರಿನ ಹತ್ತಿರ ಕರೆಸಿದರು. ದಿನೇಶ್ ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಚೆನ್ನಾಗಿತ್ತು, ಮನಸಾರೆ ಬೈದು ಸುಮ್ಮನಾಗುತ್ತಿದ್ದೆ.

"ಸಾರ್, ಬೇಸ್‌ಮೆಂಟ್ ಖಾಲಿ ಮಾಡ್ಬೇಕು. ಎಲೆಕ್ಟ್ರಿಕ್ ಗಾಡಿಗಳಿಗೆ ಚಾರ್ಜಿಂಗ್ ಪಾಯಿಂಟ್ ಬರುತ್ತೆ ಅಲ್ಲಿ. ಮೈನಾ ಮಾಲು ಎಷ್ಟಾಗುತ್ತೋ ಅಷ್ಟು ಮಾರ್ಬಿಡಿ. ನಿಮ್ಮನ್ನ ಬಿಟ್ರೆ ಯಾರಿಂದ್ಲೂ ಆಗಲ್ಲ."

"ಆಗ್ಲಿ ಸಾರ್" ಎಂದರು ಪರಮಶಿವಯ್ಯನವರು. ಯಾರಾದರೂ ನಿಮ್ಮಿಂದ ಮಾತ್ರ ಆಗುತ್ತದೆ ಎಂದರೆ ಸಾಕು, ಅವರ ಮುಖ ಅರಳುತ್ತಿತ್ತು.

ಆಮೇಲೆ ನೋಡಬೇಕಿತ್ತು ಅವರ ಓಡಾಟ. ಗ್ಯಾರೇಜುಗಳಿಗೆಲ್ಲ ಫೋನು. ನಿಮ್ಮಲ್ಲಿ ಬಿಳಿ ಮೈನಾ ಒಂದು ನಿಂತಿತ್ತಲ್ಲ, ಅದರ ಓನರಿಗೆ ಹೇಳಿ, ಡೋರಿನ ಬೀಗ ನನ್ನ ಹತ್ತಿರ ಇದೆ. ಬಿಟಿಎಂನಲ್ಲಿ ಒಬ್ಬರ ಹೆಡ್‌ಲೈಟ್ ಒಡೆದಿತ್ತಲ್ಲ, ಎರಡೂ ಕಡೆಯದು ಕೊಡ್ತೀನಿ. ನಾನು ಬಿಲ್ ಹಾಕಿ ಹಾಕಿ ಬೆರಳು ನೋಯಿಸಿಕೊಂಡೆ. ಗಣೇಶನ ಹಬ್ಬದ ಹೊತ್ತಿಗೆ ಅರ್ಧ ರ್ಯಾಕುಗಳು ಬರಿದಾದವು.

ಹಬ್ಬ ಕಳೆದ ಮೇಲೆ ಮೇಲಿನ ಹಾಲಿನಲ್ಲಿ ಮೀಟಿಂಗು. ದಿನೇಶ್ ಪರಮಶಿವಯ್ಯನವರಿಗೆ ಶಾಲು ಹೊದಿಸಿದರು. ಸತ್ತ ಮಾಲಿಗೆ ಜೀವ ಕೊಟ್ಟ ಮನುಷ್ಯ ಎಂದು ಹೊಗಳಿದರು. ಸೇಲ್ಸ್ ಹುಡುಗಿಯರು ಫೋಟೋ ತೆಗೆದರು. ಆಮೇಲೆ ಅದೇ ಉಸಿರಿನಲ್ಲಿ, ಅದೇ ನಗುವಿನಲ್ಲಿ ದಿನೇಶ್ ಹೇಳಿದರು: "ಇದೇ ಸ್ಪೀಡಲ್ಲಿ ಹೋದ್ರೆ ದೀಪಾವಳಿಯೊಳಗೆ ಬೇಸ್‌ಮೆಂಟ್ ಖಾಲಿ. ಮೈನಾ ಸೆಕ್ಷನ್ ಕ್ಲೋಸ್. ಎಲ್ರೂ ಒಂದ್ ಜೋರಾಗಿ ಚಪ್ಪಾಳೆ!"

ಚಪ್ಪಾಳೆ ಬಿತ್ತು. ಪರಮಶಿವಯ್ಯನವರೂ ತಟ್ಟಿದರು. ತಟ್ಟುತ್ತ ತಟ್ಟುತ್ತ ಕೈ ನಿಂತಿತು. ಸೆಕ್ಷನ್ ಎಂದರೆ ತಾವೊಬ್ಬರೇ ಎಂಬುದು ಅವರಿಗೆ ಆಗ ಹೊಳೆಯಿತು ಎಂದು ಕಾಣುತ್ತದೆ. ಊಟದ ಹೊತ್ತಿನಲ್ಲಿ ಅವರು ಶಾಲನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡು, ಡಬ್ಬಿ ತೆರೆಯದೆ ಕೂತಿದ್ದರು.

ಮಾರನೆಯ ದಿನದಿಂದ ಮೈನಾ ಮಾಲು ಸಿಗುವುದು ನಿಂತಿತು.

ನನ್ನ ಕಂಪ್ಯೂಟರಿನಲ್ಲಿ ಇದೆ ಎಂದು ತೋರಿಸುತ್ತಿತ್ತು. ಇಂಟರ್‌ಕಾಮಿನಲ್ಲಿ ಕೇಳಿದರೆ, "ಹುಡುಕ್ದೆ ಲತಮ್ಮ, ರ್ಯಾಕಲ್ಲಿಲ್ಲ" ಎನ್ನುತ್ತಿದ್ದರು. ಮೊದಮೊದಲು ನಂಬಿದೆ. ಕಂಪ್ಯೂಟರಿಗೂ ರ್ಯಾಕಿಗೂ ಹೊಂದಾಣಿಕೆಯಾಗದಿರುವುದು ನಮ್ಮ ಕಸುಬಿನಲ್ಲಿ ದಿನನಿತ್ಯದ ರಗಳೆ. ಮೆಕ್ಯಾನಿಕ್ಕುಗಳು ಗೊಣಗಿಕೊಂಡು ಹೋದರು. ಕೆಲವರು ಮತ್ತೆ ಬರಲೇ ಇಲ್ಲ.

ರೇಖಾ ಎಂಬವರು ಮಾತ್ರ ಬರುತ್ತಲೇ ಇದ್ದರು. ಜಯನಗರದಲ್ಲಿ ಹೆಂಗಸರಿಗೆ ಡ್ರೈವಿಂಗ್ ಕಲಿಸುವವರು. ಅವರ ಹತ್ತಿರ ಇದ್ದದ್ದು ಒಂದೇ ಕಾರು, ಹಳೆಯ ಮೈನಾ. ಮೊಮ್ಮಗನನ್ನು ಸ್ಕೂಲಿಗೆ ಬಿಡಬೇಕೆಂದು ಕಲಿಯುವ ಅಜ್ಜಿಯರಿಂದ ಹಿಡಿದು, ಮದುವೆಗೆ ಮುಂಚೆ ಲೈಸೆನ್ಸ್ ಆಗಲಿ ಎನ್ನುವ ಹುಡುಗಿಯರ ತನಕ ಎಲ್ಲರೂ ಆ ಸ್ಟೀರಿಂಗನ್ನು ಹಿಂಡಿ ಹಿಪ್ಪೆ ಮಾಡಿದ್ದರು. ಸ್ಟೀರಿಂಗಿನ ತಿರುವನ್ನು ಚಕ್ರಗಳಿಗೆ ಮುಟ್ಟಿಸುವ ಸ್ಟೀರಿಂಗ್ ರ್ಯಾಕು ಹೋಗಿತ್ತು. ಅದಿಲ್ಲದೆ ಕಾರು ರಸ್ತೆಗಿಳಿಯುವ ಹಾಗಿರಲಿಲ್ಲ, ಕಾರಿಲ್ಲದೆ ಅವರಿಗೆ ಬೇರೆ ಸಂಪಾದನೆ ಇರಲಿಲ್ಲ. ಬಿಡಿಭಾಗದ ಅಂಗಡಿಗಳ ಜೆ.ಸಿ. ರೋಡ್ ಪೂರ್ತಿ ಅಲೆದು ನಮ್ಮಲ್ಲಿಗೆ ಬಂದಿದ್ದರು. ಪರಮಶಿವಯ್ಯನವರೇ ಮೇಲೆ ಬಂದು, ನೆಲ ನೋಡಿಕೊಂಡು, "ಸ್ಟಾಕ್ ಇಲ್ಲ ಮೇಡಂ" ಎಂದರು.

"ಮುಂದಿನ ವಾರ ಬರ್ಲಾ ಸಾರ್?"

"ಬಂದ್ರೂ ಇರಲ್ಲ ಮೇಡಂ."

ಆಕೆ ಹೋದ ಮೇಲೆ ನನಗೆ ಅನುಮಾನ ಬಂತು. ಹುಡುಕದೆಯೇ ಇಲ್ಲ ಎಂದಿದ್ದರು. ಕೌಂಟರ್ ಬಿಟ್ಟು ನೆಲಮಾಳಿಗೆಗೆ ಇಳಿದೆ. ಮೂಲೆಯ ರ್ಯಾಕಿನಲ್ಲಿ, ಹಳೆಯ ಸೀಟ್ ಕವರುಗಳ ಹಿಂದೆ, ಸ್ಟೀರಿಂಗ್ ರ್ಯಾಕಿನ ಉದ್ದನೆಯ ರಟ್ಟಿನ ಡಬ್ಬಿ ಕೂತಿತ್ತು. ಅಷ್ಟೇ ಅಲ್ಲ. ವಾರಗಟ್ಟಲೆ ನಾವು ಇಲ್ಲ ಇಲ್ಲ ಎಂದು ಹೇಳಿದ್ದೆಲ್ಲ ಧೂಳು ಒರೆಸಿಸಿಕೊಂಡು ಅಲ್ಲಿಯೇ ಸಾಲಾಗಿ ಇತ್ತು.

"ಏನ್ ಸಾರ್ ಇದು?" ಎಂದು ಕೂಗಿದೆ. "ತಲೆ ಕೆಟ್ಟಿದೆಯಾ ನಿಮ್ಗೆ? ಆ ಹೆಂಗಸು ಅಲೆದು ಅಲೆದು ಸಾಯ್ತಿದಾಳೆ!"

"ಮೆಲ್ಲಗೆ ಲತಮ್ಮ."

"ಯಾಕ್ ಮೆಲ್ಲಗೆ? ಮಾಲಿಟ್ಕೊಂಡು ಇಲ್ಲ ಅಂತೀರಲ್ಲ, ಪೂಜೆ ಮಾಡ್ತೀರಾ ಇದನ್ನ?"

ಅವರು ಸ್ಟೂಲಿನ ಮೇಲೆ ಕೂತರು. "ಇದು ಇರೋ ತನಕ ನಾನಿರ್ತೀನಿ. ಇದು ಮುಗಿದ್ರೆ ನಾನು ಮುಗ್ದೆ. ನಾನು ಮುಗಿದ್ರೆ ಪರವಾಗಿಲ್ಲ ಕಣಮ್ಮ. ಅವಳನ್ನ ಮಿಷಿನ್ನಿಗೆ ಹಾಕೋರು ಯಾರು ಹೇಳು?"

ರೇಖಾಗೆ ಅನ್ಯಾಯವಾಗುತ್ತಿದೆ ಎಂದು ಗೊತ್ತು. ಇವರನ್ನು ಬೈದರೆ ಇನ್ನೊಂದು ಅನ್ಯಾಯ ಎಂದೂ ಗೊತ್ತು. ಎರಡರ ನಡುವೆ ನಿಂತು ಏನು ಮಾಡಬೇಕೆಂದು ಯಾವ ಟ್ರೈನಿಂಗಿನಲ್ಲೂ ಹೇಳಿಕೊಟ್ಟಿರಲಿಲ್ಲ. ಮೆಟ್ಟಿಲು ಹತ್ತಿ ಮೇಲೆ ಬಂದು ಯಾರದೋ ವೈಪರ್ ಬ್ಲೇಡಿಗೆ ಬಿಲ್ ಹಾಕಿದೆ.

ಒಂದು ಭಾನುವಾರ ಶಿವಬಸಮ್ಮನವರನ್ನು ನೋಡಲು ಆಸ್ಪತ್ರೆಗೆ ಹೋದೆ. ಸಾಲು ಮಂಚಗಳು, ಪ್ರತಿ ಮಂಚದ ಪಕ್ಕ ಒಂದು ಮಿಷಿನ್ನು. ತೋಳಿನಿಂದ ಹೊರಟ ಕೆಂಪು ಕೊಳವೆಯನ್ನು ಹೊದಿಕೆಯಲ್ಲಿ ಮುಚ್ಚಿಕೊಂಡು ಆಕೆ ನನ್ನನ್ನು ನೋಡಿ ನಕ್ಕರು.

"ನಮ್ಮೋರಿಗೆ ಶಾಲು ಹೊದಿಸಿದ್ರಂತಲ್ಲ. ಫೋಟೋ ತೋರ್ಸಿದ್ರು. ಇನ್ನೇನು ಯೋಚ್ನೆ ಇಲ್ಲ ಅಂದ್ರು, ಕಂಪ್ನಿಯೋರು ನನ್ನ ಬಿಡೋದಿಲ್ಲ ಅಂದ್ರು. ಹೌದೇನಮ್ಮ?"

"ಹೌದು ಆಂಟಿ, ಅವರಿಲ್ದೆ ಸ್ಟೋರ್ ನಡೆಯಲ್ಲ" ಎಂದೆ. ಇನ್ನೇನು ಹೇಳಲಿ? ಹೊರಗೆ ಬಂದು ಎಳನೀರಿನವನ ಹತ್ತಿರ ಚಿಲ್ಲರೆಗಾಗಿ ಸುಮ್ಮಸುಮ್ಮನೆ ಜಗಳ ಆಡಿದೆ.

ದೀಪಾವಳಿ ಬಂದು ಹೋಯಿತು. ನೆಲಮಾಳಿಗೆ ಅರ್ಧ ತುಂಬಿಯೇ ಇತ್ತು. ಪರಮಶಿವಯ್ಯನವರ ಮುಖದಲ್ಲಿ ಸ್ವಲ್ಪ ಗೆಲುವು ಬಂತು. ಮಾಲು ಕರಗದಿದ್ದರೆ ಕೆಲಸ ಉಳಿಯುತ್ತದೆ ಎಂದು ಅವರ ನಂಬಿಕೆ. ಇಷ್ಟು ವರ್ಷ ಸ್ಟೋರಿನಲ್ಲಿ ಕಳೆದ ಮನುಷ್ಯ, ಮಾರಾಟವಾಗದ ಮಾಲನ್ನು ಕಂಪನಿ ಏನು ಮಾಡುತ್ತದೆ ಎಂಬುದನ್ನು ಹೇಗೆ ಮರೆತರೋ! ಅಥವಾ ಮರೆತಿರಲಿಲ್ಲವೋ ಏನೋ, ಅದು ಬೇರೆಯವರ ಮಾಲಿಗೆ ಆಗುವ ಗತಿ ಎಂದುಕೊಂಡಿದ್ದರೋ. ಭಯ ಹಿಡಿದವರು ಕಾಲ ಕೆಳಗಿನ ಹಳ್ಳವನ್ನು ನೋಡುವುದಿಲ್ಲ.

ಸಂಕ್ರಾಂತಿ ಮುಗಿದ ಮೇಲೆ ದಿನೇಶ್ ನಮ್ಮಿಬ್ಬರನ್ನೂ ಕ್ಯಾಬಿನ್ನಿಗೆ ಕರೆದರು. ಲ್ಯಾಪ್‌ಟಾಪನ್ನು ನಮ್ಮ ಕಡೆ ತಿರುಗಿಸಿದರು. ಮೈನಾದ ಸಾಲುಗಳೆಲ್ಲ ಕೆಂಪು.

"ಏನ್ ಸಾರ್ ಇದು? ಮೊದ್ಲು ಸಖತ್ತಾಗಿ ಹೋಗ್ತಿತ್ತು. ಈಗ ತಿಂಗಳುಗಟ್ಲೆ ಒಂದ್ ಪೀಸೂ ಹೋಗಿಲ್ಲ. ಹೆಡ್ ಆಫೀಸಿನವ್ರು ಇದನ್ನ ಡೆಡ್ ಸ್ಟಾಕ್ ಅಂತ ಬರೆದ್ಬಿಟ್ಟಿದಾರೆ. ಒಡೆದು ಗುಜರಿಗೆ ಹಾಕೋಕೆ ಆರ್ಡರ್ ಬಂದಿದೆ."

ಹೊರಗಿನವರಿಗೆ ಇದು ಹುಚ್ಚೆನಿಸಬಹುದು. ಕಂಪನಿಯ ಅಸಲಿ ಮಾಲನ್ನು ಇದ್ದ ಹಾಗೇ ಗುಜರಿಗೆ ಕೊಟ್ಟರೆ, ನಾಳೆ ಅದೇ ಮಾಲು ಹೊಸ ಡಬ್ಬಿಯಲ್ಲಿ ಇನ್ನೆಲ್ಲೋ ಮಾರಾಟಕ್ಕೆ ಕೂರುತ್ತದೆ. ಹಾಗಾಗಬಾರದೆಂದು ಪ್ರತಿಯೊಂದನ್ನೂ ಕೆಲಸಕ್ಕೆ ಬಾರದಂತೆ ಒಡೆಯಬೇಕು, ಕಂಪನಿಯ ಆಫೀಸರ್ ನಿಂತು ವಿಡಿಯೋ ಮಾಡಬೇಕು. ಪ್ಯಾಕ್ ಬಿಚ್ಚದ ಹೊಸ ಮಾಲಾದರೂ ಅಷ್ಟೆ.

ಪರಮಶಿವಯ್ಯನವರು ಮೇಜಿನ ಕಡೆ ಬಾಗಿದರು. "ಒಡೆಯೋದು ಬೇಡ ಸಾರ್. ಇದಕ್ಕೆ ಗಿರಾಕಿ ಇದಾರೆ. ಕೇಳ್ಕೊಂಡು ಬರ್ತಾನೇ ಇರ್ತಾರೆ."

"ಬರ್ತಾರಾ?" ದಿನೇಶ್ ನಿಜಕ್ಕೂ ಆಶ್ಚರ್ಯದಿಂದ ಕೇಳಿದರು. "ಮತ್ತೆ ಬಂದವ್ರಿಗೆ ಯಾಕ್ ಮಾರಿಲ್ಲ?"

ಪರಮಶಿವಯ್ಯನವರು ನನ್ನ ಮುಖ ನೋಡಿದರು. ನಾನು ಬಾಯಿ ಬಿಟ್ಟು, ಹೌದು ಸಾರ್, ದಿನಾ ಬರುತ್ತಿದ್ದರು, ಇವರೇ ವಾಪಸು ಕಳಿಸಿದರು ಎಂದರೆ ಮಾಲು ಉಳಿಯುತ್ತಿತ್ತು, ಆದರೆ ಇವರು ಅಂದೇ ಹೊರಗೆ. ಹೇಳದಿದ್ದರೆ ಮಾಲಿನ ಜೊತೆ ಇವರೂ ಹೊರಗೆ. ಯಾವ ಕಡೆಯಿಂದ ತೆರೆದರೂ ಆ ಬಾಗಿಲ ಹಿಂದೆ ಗೋಡೆಯೇ. ಜನ್ಮದಲ್ಲಿ ಮೊದಲ ಸಲ ನಾನು ಸುಮ್ಮನಿದ್ದೆ.

"ವಿಚಾರಿಸ್ತಾರೆ ಅಷ್ಟೆ ಸಾರ್. ತಗೊಳ್ಳಲ್ಲ" ಎಂದರು ಪರಮಶಿವಯ್ಯನವರು.

"ಅದೇ ಮತ್ತೆ. ವಿಚಾರಿಸೋದ್ರಿಂದ ಏನ್ ಬಂತು?" ದಿನೇಶ್ ಲ್ಯಾಪ್‌ಟಾಪ್ ಮುಚ್ಚಿದರು. ಪರಮಶಿವಯ್ಯನವರ ಮುಖ ನೋಡಿ ಮರುಕ ಬಂದಿರಬೇಕು, ಹೇಳಿದರು: "ನೀವೇ ನಿಂತು ನೀಟಾಗಿ ಮುಗಿಸಿಕೊಡಿ ಸಾರ್. ಜೆ.ಪಿ. ನಗರ ಬ್ರಾಂಚ್ ಸ್ಟೋರಲ್ಲಿ ಒಂದು ಜಾಗ ಇದೆ. ನಾನೇ ಮಾತಾಡ್ತೀನಿ. ಮನೆ ಕಷ್ಟ ಗೊತ್ತು ನಂಗೆ."

ಹೊರಗೆ ಬಂದಾಗ ಪರಮಶಿವಯ್ಯನವರು ಗೋಡೆ ಹಿಡಿದುಕೊಂಡು ನಿಂತರು. "ಜೆ.ಪಿ. ನಗರ ಆದ್ರೆ ಒಳ್ಳೇದು ಲತಮ್ಮ. ಒಂದೇ ಬಸ್ಸು" ಎಂದರು. ಅವರ ಆಸೆ ಕಂಡು ನನಗೆ ಅಳು ಬಂತು, ಸಿಟ್ಟೂ ಬಂತು. ಮನುಷ್ಯ ಇಷ್ಟು ಬೇಗ ಇನ್ನೊಂದು ಕೊಂಬೆಗೆ ಜೋತು ಬೀಳಬಾರದು.

ಒಡೆಯುವ ಕೆಲಸ ಸರ್ವಿಸ್ ಷೆಡ್ಡಿನ ಹಿಂದಿನ ಅಂಗಳದಲ್ಲಿ ನಡೆಯಿತು. ಕಂಪನಿಯ ಆಫೀಸರ್ ಮೊಬೈಲ್ ಹಿಡಿದು ನಿಂತರು. ಗ್ಯಾಸ್ ಕಟರಿನವರು ದೊಡ್ಡ ಮಾಲುಗಳನ್ನು ಕೊಯ್ದರು. ಉಳಿದದ್ದಕ್ಕೆ ಸುತ್ತಿಗೆ. ಸುತ್ತಿಗೆಯನ್ನು ಬೇರೆಯವರಿಗೆ ಕೊಡಿ ಎಂದು ನಾನು ಎಷ್ಟು ಹೇಳಿದರೂ ಪರಮಶಿವಯ್ಯನವರು ಕೇಳಲಿಲ್ಲ. ನೀವೇ ನಿಂತು ಮುಗಿಸಿ ಎಂದಿದ್ದರಲ್ಲ, ಅದನ್ನು ಅಕ್ಷರಶಃ ಹಿಡಿದುಕೊಂಡಿದ್ದರು. ಸ್ವೆಟರು ಬಿಚ್ಚಿಟ್ಟು, ಒಂದೊಂದೇ ಡಬ್ಬಿ ತೆರೆದು, ಎಣ್ಣೆ ಕಾಗದ ಬಿಡಿಸಿ, ನೆಲದ ಮೇಲಿಟ್ಟು ಬಡಿದರು. ಹೆಡ್‌ಲೈಟುಗಳು ಒಂದೇ ಏಟಿಗೆ ಪುಡಿಯಾದವು. ಕಬ್ಬಿಣದವು ಬಗ್ಗಲು ಬಹಳ ಏಟು ಕೇಳಿದವು. ಬೆವರಿನಲ್ಲಿ ವಿಭೂತಿ ಇಳಿದು ಹುಬ್ಬಿಗೆ ಬಂತು. ನಾನು ಪಕ್ಕದಲ್ಲಿ ನಿಂತು ನಂಬರು ಓದುತ್ತಿದ್ದೆ. ಈ ಊರಿನಲ್ಲಿ ಇಂಥ ಕೆಲಸಕ್ಕೂ ಸಂಬಳ ಕೊಡುತ್ತಾರಲ್ಲ ಎಂದು ಹೇಸಿಗೆಯಾಯಿತು.

ಮಧ್ಯಾಹ್ನ ದಿನೇಶ್ ನೋಡಲು ಬಂದರು. ಅವರ ಹಿಂದೆಯೇ ಸೇಲ್ಸಿನವರ ಜೊತೆ ರೇಖಾ. ಕೈಸೋತು, ಹಳೆಯ ಮೈನಾ ಕೊಟ್ಟರೆ ಹೊಸ ಕಾರಿಗೆ ಏನಾದರೂ ಬಿಡುತ್ತಾರೋ ಎಂದು ಕೇಳಲು ಬಂದಿದ್ದರಂತೆ. ಹಳೆಯ ಕಾರಿಗೆ ಬೆಲೆ ಕಟ್ಟುವ ಮನುಷ್ಯ ಷೆಡ್ಡಿನಲ್ಲಿದ್ದ. ಆಕೆ ಅಂಗಳಕ್ಕೆ ಕಾಲಿಟ್ಟ ಹೊತ್ತಿಗೆ ಸರಿಯಾಗಿ ಪರಮಶಿವಯ್ಯನವರ ಕೈಯಲ್ಲಿದ್ದದ್ದು ಸ್ಟೀರಿಂಗ್ ರ್ಯಾಕು.

ಆಕೆ ಮೊದಲು ನಂಬಲಿಲ್ಲ. ಹತ್ತಿರ ಬಂದು ಡಬ್ಬಿಯ ಮೇಲಿನ ಹೆಸರು ಓದಿದರು. "ಇದು ಮೈನಾದ್ದು. ಇದೇ ಅಲ್ವಾ ನಾನು ಕೇಳಿದ್ದು? ಸಾರ್, ಒಡೀಬೇಡಿ, ನಂಗೆ ಕೊಡಿ. ಎಷ್ಟಾದ್ರೂ ಕೊಡ್ತೀನಿ."

"ಆಗಲ್ಲ ಮೇಡಂ. ಸಿಸ್ಟಮಿಂದ ತೆಗೆದಾಗಿದೆ. ಬಿಲ್ ಆಗಲ್ಲ" ಎಂದರು ಕಂಪನಿಯ ಆಫೀಸರ್, ಮೊಬೈಲ್ ಇಳಿಸದೆ.

"ಬಿಲ್ ಬೇಡ ನಂಗೆ! ಎಷ್ಟು ಸಲ ಬಂದಿದೀನಿ ನಾನು..." ಆಕೆ ಪರಮಶಿವಯ್ಯನವರ ಕಡೆ ತಿರುಗಿದರು. "ನೀವೇ ತಾನೆ ಇಲ್ಲ ಅಂದಿದ್ದು? ನನ್ನ ಎದುರಿಗೇ ನಿಂತು ಇಲ್ಲ ಅಂದ್ರಲ್ಲ ಸಾರ್?"

ದಿನೇಶ್ ಎರಡು ಹೆಜ್ಜೆ ಮುಂದೆ ಬಂದರು.

"ಈ ಮೇಡಂ ಕೇಳಿದ್ರಾ ಸಾರ್? ಮಾಲಿದ್ದೂ ಇಲ್ಲ ಅಂದ್ರಾ?"

"ಅಂದೆ ಸಾರ್."

"ಯಾಕೆ?"

"ಮಾರಿದ್ರೆ ಮುಗ್ದು ಹೋಗ್ತಿತ್ತು" ಎಂದರು ಪರಮಶಿವಯ್ಯನವರು. ಮಕ್ಕಳು ಹೇಳುವ ಹಾಗೆ ಹೇಳಿದರು, ಮುಚ್ಚುಮರೆ ಇಲ್ಲದೆ. ಅದು ಅರ್ಥವಾದ ಮೇಲೂ ದಿನೇಶ್ ಬೈಯಲಿಲ್ಲ. ಕಂಪನಿಯ ಆಫೀಸರ್ ಎದುರಿಗೇ ಇದ್ದರು, ಮೊಬೈಲಿನಲ್ಲಿ ಎಲ್ಲವೂ ದಾಖಲಾಗಿತ್ತು.

"ಜೆ.ಪಿ. ನಗರದ ವಿಷ್ಯ ಮರೆತ್ಬಿಡಿ ಸಾರ್. ನನ್ ಕೈಲಿ ಏನೂ ಇಲ್ಲ ಈಗ. ಇವತ್ತೇ ಕೊನೆ" ಎಂದು ಹೇಳಿ ದಿನೇಶ್ ಒಳಗೆ ಹೋದರು.

ಈಗಲಾದರೂ ಆ ರ್ಯಾಕನ್ನು ರೇಖಾ ಕೈಗೆ ಕೊಟ್ಟು ನಡೆಯುತ್ತಾರೆ ಎಂದುಕೊಂಡೆ. ಕಳೆದುಕೊಳ್ಳಲು ಇನ್ನೇನು ಉಳಿದಿತ್ತು? "ಕೊಟ್ಬಿಡಿ ಸಾರ್" ಎಂದು ಪಿಸುಗುಟ್ಟಿದೆ. ಅವರಿಗೆ ಕೇಳಿಸಿತೋ ಇಲ್ಲವೋ. ಇವತ್ತೇ ಕೊನೆ ಎಂದರೆ ಇವತ್ತಿನ ತನಕ ಕೆಲಸ ಇದೆ ಎಂದು ಆ ತಲೆಗೆ ಅರ್ಥವಾಗಿರಬೇಕು. ನೀಟಾಗಿ ಮುಗಿಸಿದರೆ ಯಾರಾದರೂ ಮನಸ್ಸು ಬದಲಿಸಬಹುದು ಎಂಬ ಚೂರು ಆಸೆಯೂ ಇದ್ದಿರಬೇಕು. ರೇಖಾ "ಬೇಡ, ಬೇಡ" ಎನ್ನುತ್ತಿರುವಾಗಲೇ ರ್ಯಾಕನ್ನು ನೆಲಕ್ಕಿಟ್ಟು ಸುತ್ತಿಗೆ ಎತ್ತಿದರು. ಅದು ಬಗ್ಗುವ ತನಕ ಬಡಿದರು. ಆಕೆ ಮುಖಕ್ಕೆ ದುಪಟ್ಟಾ ಒತ್ತಿಕೊಂಡು ಗೇಟಿನ ಕಡೆ ನಡೆದುಬಿಟ್ಟರು. ನನಗೆ ಆ ಕ್ಷಣ ಪರಮಶಿವಯ್ಯನವರನ್ನು ಕಂಡರೆ ಅಸಹ್ಯವಾಯಿತು. ಆ ಅಸಹ್ಯ ಒಂದು ನಿಮಿಷವೂ ನಿಲ್ಲಲಿಲ್ಲ ಎಂಬುದೇ ನನ್ನ ಸಂಕಟ.

ಸಂಜೆ ಗುಜರಿಯವರ ಲಾರಿ ಎಲ್ಲವನ್ನೂ ತೂಕ ಹಾಕಿಸಿಕೊಂಡು ಹೋಯಿತು. ಪರಮಶಿವಯ್ಯನವರು ಅಂಗಳ ಗುಡಿಸಿದರು, ಗಾಜಿನ ಚೂರನ್ನೆಲ್ಲ ಒಂದು ಕಡೆ ಮಾಡಿದರು, ನಲ್ಲಿಯಲ್ಲಿ ಕೈ ತೊಳೆದರು. ಅಂಗೈ ಒಡೆದು ರಕ್ತ ಬಂದಿತ್ತು. ಕರವಸ್ತ್ರ ಸುತ್ತಿಕೊಂಡು ನನ್ನ ಕೌಂಟರಿನ ಹತ್ತಿರ ಬಂದು ನಿಂತರು. ಅಪ್ಪಿತಪ್ಪಿಯೂ ದಿನೇಶ್ ಕ್ಯಾಬಿನ್ನಿನ ಕಡೆ ನೋಡಲಿಲ್ಲ.

"ಲತಮ್ಮ, ನಾಳೆ ಅವಳದ್ದು ಡಯಾಲಿಸಿಸ್ ಇದೆ. ನಾಳೆಗೆ ಕಾರ್ಡು ನಡೆಯುತ್ತೆ ಅಲ್ವಾ?"

"ನಡೆಯುತ್ತೆ ಸಾರ್" ಎಂದೆ.

"ಹಾಗಾದ್ರೆ ಬೆಳಿಗ್ಗೆ ಬೇಗ ಕರ್ಕೊಂಡು ಹೋಗ್ತೀನಿ. ಇನ್ನು ಡ್ಯೂಟಿ ಇಲ್ವಲ್ಲ, ಪಕ್ಕದಲ್ಲೇ ಕೂತ್ಕೋಬಹುದು" ಎಂದರು. ಆಚೆ ನಾಡಿದ್ದಿನ ಡಯಾಲಿಸಿಸ್ಸಿಗೆ ಏನು ಎಂದು ಅವರು ಕೇಳಲಿಲ್ಲ.